ಬಸ್ಸಿನಲ್ಲಿ ನಿಂತು ಒತ್ತಿದ ಒಪ್ಪಿಗೆ

ಅದರ ವಿನಯ ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಒಬ್ಬ ಹೆಂಗಸಿನ ಹದಿನೇಳು ವರ್ಷದ ಕೆಲಸಕ್ಕೆ ಕಲ್ಲು ಹಾಕಿ, ಕೊನೆಯಲ್ಲಿ ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿತು. ಬೈಯೋಣವೆಂದರೆ ಅದಕ್ಕೆ ಮುಖವಿಲ್ಲ. ಆದ್ದರಿಂದ ನಾನು ಬೈಯಬೇಕಾದವರ ಸಾಲಿನಲ್ಲಿ ಅದು ಕೊನೆಗೆ ನಿಲ್ಲುತ್ತದೆ, ಮೊದಲು ನಾನೇ ನಿಲ್ಲುತ್ತೇನೆ.

ಶಿವಮೊಗ್ಗದ ಒಂದು ಖಾಸಗಿ ವಿದ್ಯಾಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವಳು ನಾನು. ವಿಭಾಗ ಎನ್ನುವುದು ದೊಡ್ಡ ಮಾತಾಯಿತು. ರಾಗಿಗುಡ್ಡದ ಕಡೆಗೆ ಕಿಟಕಿ ಇರುವ ಒಂದು ಕೋಣೆ, ಎರಡು ಬೀರು, ನಾನು, ಇಷ್ಟೇ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಾರೆ, ಪ್ರಾಂಶುಪಾಲರು ಪಾಸ್‌ವರ್ಡ್ ಮರೆತರೂ ನನ್ನನ್ನೇ ಕರೆಯುತ್ತಾರೆ. ಮನೆ ಭದ್ರಾವತಿಯ ಜನ್ನಾಪುರದಲ್ಲಿ. ದಿನಾ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು.

ಹಿಂದಿನ ವರ್ಷ ನಮ್ಮ ಕಾಲೇಜಿನ ಮೇಷ್ಟ್ರೊಬ್ಬರು ಪರೀಕ್ಷಾ ಕೇಂದ್ರಗಳ ಪಟ್ಟಿ ಎಂದುಕೊಂಡು ಒಂದು ಸುಳ್ಳು ಇ-ಮೇಲನ್ನು ತೆರೆದು, ಅದು ಕೇಳಿದ ಜಾಗದಲ್ಲಿ ತಮ್ಮ ಪಾಸ್‌ವರ್ಡನ್ನು ಬರೆದುಕೊಟ್ಟಿದ್ದರು. ಒಂದು ವಾರ ಅವರ ಹೆಸರಿನಲ್ಲಿ ಯಾರು ಯಾರಿಗೋ ಕೊಳಕು ಚಿತ್ರಗಳು ಹೋದವು. ಅದಾದ ಮೇಲೆ ಸಂಸ್ಥೆ ಮೇಲ್‌ಗಳನ್ನು ಸೋಸುವ ಒಂದು ಕಾವಲು ತಂತ್ರಾಂಶವನ್ನು ಕೊಂಡಿತು. ಅನುಮಾನದ ಮೇಲನ್ನು ಅದು ಬಾಗಿಲಲ್ಲೇ ತಡೆದಿಡುತ್ತಿತ್ತು. ಬಿಡಬೇಕೋ ಬೇಡವೋ ಎಂದು ನಾನು ಓದಿ ಹೇಳಬೇಕಿತ್ತು. ದಿನಕ್ಕೆ ಒಂದು ಗಂಟೆ ತಿನ್ನುತ್ತಿದ್ದ ಕೆಲಸ. ಈ ವರ್ಷ ಅದನ್ನು ಮಾರಿದವರೇ ಮತ್ತೆ ಬಂದು, ಕಾವಲಿಗೆ ಒಂದು ಎಐ ಸಹಾಯಕವನ್ನು ಜೋಡಿಸುತ್ತೇವೆ ಎಂದರು.

ಸಭೆಯ ಕೋಣೆಯಲ್ಲಿ ಎಲ್ಲರಿಗೂ ಖಾರಾಬನ್ನು, ಕಾಫಿ. ಬಂದಾತ ಗೋಡೆಯ ಮೇಲೆ ತೋರಿಸಿದ. ಇನ್ನು ಪಟ್ಟಿ ಓದುವ ಕಷ್ಟವಿಲ್ಲ, ಮನುಷ್ಯರನ್ನು ಕೇಳಿದ ಹಾಗೆ ಕೇಳಿದರೆ ಸಾಕು. ನಿನ್ನೆಯಿಂದ ಏನಾದರೂ ಅಪಾಯ ಬಂದಿದೆಯೇ ಎಂದು ಕೇಳಿದ, ಅದು ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟಿತು. ಹಾಗಾದರೆ ತೆಗೆದುಹಾಕು ಎಂದ, ಆ ಮೇಲು ಎಲ್ಲರ ಪೆಟ್ಟಿಗೆಯಿಂದಲೂ ಮಾಯವಾಯಿತು. ಅನುಮಾನ ಬಂದವರ ಖಾತೆಗೆ ಬೀಗ ಹಾಕುವುದೂ ಅದಕ್ಕೆ ಗೊತ್ತು. ಅಂಥ ದೊಡ್ಡ ಕ್ರಮಕ್ಕೆ ಮಾತ್ರ ಒಬ್ಬ ಮನುಷ್ಯ ಓದಿ ಒಪ್ಪಿಗೆ ಕೊಡಬೇಕು. ಆ ಮನುಷ್ಯ ನಾನು. ಒಪ್ಪಿಗೆಯ ಗುಂಡಿ ನನ್ನ ಮೊಬೈಲಿಗೂ ಬರುತ್ತದೆ, ಒತ್ತಿದ ತಕ್ಷಣ ವರದಿ ತಾನಾಗಿಯೇ ಸಂಸ್ಥೆಯ ಕಾರ್ಯದರ್ಶಿಗಳಿಗೆ ಹೋಗುತ್ತದೆ.

ನಾನು ಒಂದೇ ಪ್ರಶ್ನೆ ಕೇಳಿದೆ. “ಇದಕ್ಕೆ ಕನ್ನಡ ಬರುತ್ತಾ?”

“ಎಲ್ಲಾ ಭಾಷೆನೂ ಬರುತ್ತೆ ಮೇಡಂ,” ಎಂದು ಆತ ಅದರ ಕೈಯಲ್ಲಿ ನಮ್ಮ ಸಂಸ್ಥೆಯ ಮೇಲೆ ಕನ್ನಡದಲ್ಲಿ ಎಂಟು ಸಾಲಿನ ಸ್ವಾಗತ ಪದ್ಯ ಬರೆಸಿದ. ಪ್ರಾಸ ಸರಿಯಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಕಾರ್ಯದರ್ಶಿಗಳು ಹಿರಿಯರು. ಕಂಪ್ಯೂಟರ್ ಮೇಲೆ ಅವರಿಗೆ ನಂಬಿಕೆ ಕಡಿಮೆ, ಕಾಗದದ ಮೇಲೆ ಜಾಸ್ತಿ. ಬಂದ ಪ್ರತಿ ಮೇಲನ್ನೂ ಮುದ್ರಿಸಿ ಫೈಲಿಗೆ ಹಾಕಿಸಿ ಓದುವವರು. ಅವತ್ತು ಮಾತ್ರ ಖುಷಿಯಾಗಿದ್ದರು. “ಇನ್ನೇನಮ್ಮ, ನೀನು ಓಕೆ ಒತ್ಕೊಂಡು ಕೂತ್ರೆ ಆಯ್ತು,” ಎಂದರು.

ಈಗ ಅಕ್ಕನ ವಿಷಯ ಹೇಳಬೇಕು. ಭದ್ರಾವತಿಯಲ್ಲಿ ನಮ್ಮ ಸಂಸ್ಥೆಯದೊಂದು ಪ್ರೌಢಶಾಲೆ ಇದೆ, ಕಾಗದನಗರದ ಪಕ್ಕದಲ್ಲಿ. ಅಲ್ಲಿ ಕಚೇರಿ ಎಂದರೆ ಆಕೆಯೊಬ್ಬರೇ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಅದಕ್ಕೇ ನಾನು ಅಕ್ಕ ಎನ್ನುತ್ತೇನೆ. ನಾನು ಮುಖ್ಯ ಕಚೇರಿಯವಳು ಎಂದು ಆಕೆ ನನ್ನನ್ನು ಮೇಡಂ ಎನ್ನುತ್ತಾರೆ. ಗಂಡ ಕಾಗದದ ಕಾರ್ಖಾನೆಯಲ್ಲಿದ್ದವರು, ಮನೆ ಅಲ್ಲೇ ಕ್ವಾರ್ಟರ್ಸಿನಲ್ಲಿ. ಮನೆಯೊಳಗೆ ಆಡುವ ಮಾತು ತಮಿಳು. ಹಾಗಿದ್ದೂ ನಮ್ಮ ಇಡೀ ಸಂಸ್ಥೆಯಲ್ಲಿ ಆಕೆಯಷ್ಟು ಚೊಕ್ಕವಾಗಿ ಕನ್ನಡ ಟೈಪ್ ಮಾಡುವವರು ಇನ್ನೊಬ್ಬರಿಲ್ಲ. ಮದುವೆಗೆ ಮೊದಲೇ ಕನ್ನಡ ಬೆರಳಚ್ಚಿನ ಸೀನಿಯರ್ ಪರೀಕ್ಷೆ ಪಾಸು ಮಾಡಿದವರು.

ಆ ಬೆರಳಚ್ಚೇ ಆಕೆಗೆ ಮುಳುವಾಯಿತು. ಯಂತ್ರದ ಮೇಲೆ ಕಲಿತ ಬೆರಳುಗಳಿಗೆ ಒಗ್ಗಿದ್ದು ಹಳೆಯ ಕಾಲದ ಒಂದು ಫಾಂಟು ಮಾತ್ರ. ಅದರಲ್ಲಿ ಹೊಡೆದದ್ದು ಆಕೆಯ ಪರದೆಯ ಮೇಲೆ ಮುತ್ತು ಪೋಣಿಸಿದ ಹಾಗೆ ಕಾಣುತ್ತದೆ. ಅದನ್ನೇ ಮೇಲಿಗೆ ಅಂಟಿಸಿ ಕಳಿಸಿದರೆ ನಮ್ಮ ಪರದೆಯ ಮೇಲೆ ಬರುವುದು ಬರೀ ಕಸ. ಇಂಗ್ಲಿಷಿನ ದೊಡ್ಡಕ್ಷರ, ತಲೆಗೆ ಟೋಪಿ ಹಾಕಿಕೊಂಡ ಎ, ಕಾಲು, ಅರ್ಧ ಎನ್ನುವ ಭಿನ್ನರಾಶಿಯ ಗುರುತುಗಳು, ನಡುನಡುವೆ ಪೌಂಡಿನ ಚಿಹ್ನೆ. ಕನ್ನಡ ನಾಡಿನ ಯಾವ ಹಳೆಯ ಕಚೇರಿಯವರಿಗಾದರೂ ಈ ಕಸ ಗೊತ್ತು, ಅದರ ಮದ್ದೂ ಗೊತ್ತು. ನಕಲು ಮಾಡಿ ವರ್ಡಿಗೆ ಅಂಟಿಸಬೇಕು, ಫಾಂಟು ಬದಲಾಯಿಸಬೇಕು. ಕಸವೆಲ್ಲ ಎದ್ದು ಕನ್ನಡವಾಗಿ ನಿಲ್ಲುತ್ತದೆ.

ಇದು ಆಕೆಗೂ ಗೊತ್ತಿದ್ದುದರಿಂದ ಪ್ರತಿ ಮೇಲಿನ ಕೊನೆಯಲ್ಲಿ ಒಂದು ಸಾಲು ತಪ್ಪದೆ ಬರೆಯುತ್ತಿದ್ದರು: ‘ಅಕ್ಷರ ಕಾಣದಿದ್ದರೆ ದಯವಿಟ್ಟು ಫಾಂಟ್ ಬದಲಾಯಿಸಿ ಓದುವುದು.’ ಆ ಸಾಲನ್ನೂ ಅದೇ ಫಾಂಟಿನಲ್ಲಿ ಬರೆಯುತ್ತಿದ್ದರು. ಅಂದರೆ ಅಕ್ಷರ ಕಾಣದವರಿಗೆ ಆ ಸಾಲೂ ಕಾಣುವುದಿಲ್ಲ, ಕಂಡವರಿಗೆ ಆ ಸಾಲು ಬೇಕಿಲ್ಲ. ನಾವೆಲ್ಲ ಎಷ್ಟು ವರ್ಷ ಇದನ್ನು ಹೇಳಿಕೊಂಡು ನಕ್ಕಿದ್ದೇವೋ. ಒಂದು ಸಲ ನಾನು ಎದುರಿಗೇ ರೇಗಿಸಿದೆ. “ಇರ್ಲಿ ಬಿಡಿ ಮೇಡಂ, ಹೇಳೋದು ನನ್ ಧರ್ಮ,” ಎಂದು ಆಕೆಯೂ ನಕ್ಕರು.

ಆಕೆಯದು ಹನ್ನೊಂದು ತಿಂಗಳ ಗುತ್ತಿಗೆ. ವರ್ಷಕ್ಕೊಂದು ತಿಂಗಳು ಮನೆಗೆ ಕಳಿಸಿ ಮತ್ತೆ ಹೊಸ ಆದೇಶ ಕೊಡುವುದು. ಹದಿನೇಳು ವರ್ಷ ಹೀಗೇ ನಡೆದಿದೆ. ಈ ಸಲದ ಗುತ್ತಿಗೆ ಮುಗಿಯುತ್ತಾ ಬಂದಿದ್ದರೂ ಮುಂದುವರಿಕೆಯ ಕಡತ ಕಾರ್ಯದರ್ಶಿಗಳ ಮೇಜಿನ ಮೇಲೆ ಕೂತೇ ಇತ್ತು. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿದ್ದರು, ಕಾರ್ಖಾನೆ ನಿಂತ ಮೇಲೆ ಕ್ವಾರ್ಟರ್ಸಿನ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಆ ಹುದ್ದೆಯೇ ಬೇಡ ಎನ್ನುವವರು ಆಡಳಿತ ಮಂಡಳಿಯಲ್ಲಿದ್ದರು, ಅವರಿಗೊಂದು ನೆಪ ಬೇಕಿತ್ತು. ಗಂಡ ಶ್ವಾಸಕೋಶ ಕೆಟ್ಟು ಮನೆಯಲ್ಲಿ ಕೂತಿದ್ದಾರೆ. ಆಕೆ ಯಾರ ಹತ್ತಿರವೂ ಬೇಡಿಕೊಳ್ಳಲಿಲ್ಲ. ನಾನು ಶಾಲೆಗೆ ಹೋದಾಗ ಮಾತ್ರ, “ನಮ್ ಫೈಲ್ ಏನಾದ್ರೂ ಅಲ್ಲಾಡ್ತಾ ಮೇಡಂ?” ಎಂದು ಕೇಳುತ್ತಿದ್ದರು.

ಹಾಗೆ ನಾನು ಹೋಗಿದ್ದು ತರಬೇತಿ ಕೊಡಲು. ಸುಳ್ಳು ಮೇಲನ್ನು ಗುರುತಿಸುವುದು ಹೇಗೆ ಎಂದು ಒಂದು ಗಂಟೆ ಹೇಳಿದೆ. ಮೇಷ್ಟ್ರುಗಳು ಹಿಂದಿನ ಬೆಂಚಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಆಕೆಯೊಬ್ಬರೇ ಪುಸ್ತಕ ಇಟ್ಟುಕೊಂಡು ಬರೆದುಕೊಂಡರು. ಅನುಮಾನ ಬಂದರೆ ತೆರೆಯಬೇಡಿ, ಒತ್ತಬೇಡಿ, ತಕ್ಷಣ ನನಗೆ ಬರೆಯಿರಿ ಎಂದು ಮುಗಿಸಿದೆ.

“ಕನ್ನಡದಲ್ಲಿ ಬರೀಬಹುದಾ ಮೇಡಂ?” ಎಂದು ಕೇಳಿದರು.

“ಬರೀರಿ ಅಕ್ಕ, ನಿಮ್ಮದನ್ನ ಓದದೆ ಇರ್ತೀನಾ?” ಎಂದೆ.

ಸಹಾಯಕ ಬಂದ ಮೊದಲ ವಾರ ಅದು ಕೇಳಿದ ಪ್ರತಿ ಒಪ್ಪಿಗೆಯನ್ನೂ ನಾನು ಕೂತು ಓದಿದೆ. ಮೂಲ ಮೇಲನ್ನು ತೆರೆದು ನೋಡಿದೆ. ಎಲ್ಲ ಸರಿ ಇತ್ತು. ಎರಡನೆಯ ವಾರ ಮೂಲ ಮೇಲನ್ನು ಬಿಟ್ಟೆ, ಅದು ಬರೆದ ಸಾರಾಂಶ ಮಾತ್ರ ಓದಿದೆ. ಆಮೇಲೆ ಸಾರಾಂಶದ ಮೊದಲ ಸಾಲು. ಅದರ ಇಂಗ್ಲಿಷು ಅಷ್ಟು ನಯ, ಅಷ್ಟು ಖಚಿತ, ಓದುತ್ತಿದ್ದರೆ ಯಾರೋ ದೊಡ್ಡ ಅಧಿಕಾರಿ ಎಲ್ಲವನ್ನೂ ಪರಿಶೀಲಿಸಿ ಸಹಿಗೆ ಮಾತ್ರ ಕಳಿಸಿದ್ದಾರೆ ಅನ್ನಿಸುತ್ತಿತ್ತು. ಒಂದು ತಿಂಗಳು ಕಳೆಯುವಷ್ಟರಲ್ಲಿ ನಾನು ಒಪ್ಪಿಗೆ ಕೊಡುವ ಜಾಗ ಭದ್ರಾವತಿ ಶಿವಮೊಗ್ಗ ಬಸ್ಸಾಗಿತ್ತು. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಮೊಬೈಲು. ಹೆಬ್ಬೆರಳೊಂದೇ ಕೆಲಸ ಮಾಡುತ್ತಿತ್ತು.

ಆ ಶುಕ್ರವಾರವೂ ಬಸ್ಸು ಕಿಕ್ಕಿರಿದಿತ್ತು. ಯಾರದೋ ತರಕಾರಿ ಚೀಲ ನನ್ನ ಮೊಣಕಾಲಿಗೆ ಒತ್ತುತ್ತಿತ್ತು. ಮೊಬೈಲ್ ಗುಂಯ್‌ಗುಟ್ಟಿತು. ಗಂಭೀರ ಅಪಾಯ ಎಂದು ಕೆಂಪು ಪಟ್ಟಿ. ಭದ್ರಾವತಿಯ ಒಂದು ಖಾತೆಯಿಂದ ಗುಪ್ತ ಸಂಕೇತದಲ್ಲಿ ಬರೆದ ಬರಹ ಒಂದು ತಿಂಗಳಿಂದ ಹಲವರಿಗೆ ಹೋಗುತ್ತಿದೆ, ಖಾತೆಯನ್ನು ಬೇರೆಯವರು ವಶಪಡಿಸಿಕೊಂಡಿರಬಹುದು, ಅಥವಾ ಒಳಗಿನವರೇ ಮಾಹಿತಿಯನ್ನು ಹೊರಗೆ ಸಾಗಿಸುತ್ತಿರಬಹುದು. ಎಲ್ಲ ಪೆಟ್ಟಿಗೆಗಳಿಂದ ಈ ಬರಹಗಳನ್ನು ತೆಗೆದು ಖಾತೆಗೆ ಬೀಗ ಹಾಕಲೇ? ಗಂಭೀರ ಎನ್ನುವ ಪದ ಓದಿದ್ದು ನೆನಪಿದೆ. ಭದ್ರಾವತಿ ಎನ್ನುವುದನ್ನು ಓದಿದ್ದೂ ನೆನಪಿದೆ. ಅದರ ಕೆಳಗೆ ಖಾತೆಯ ಹೆಸರಿತ್ತು, ಅಲ್ಲಿಯವರೆಗೆ ನಾನು ಇಳಿಯಲಿಲ್ಲ. ಒತ್ತಿದೆ. ಮೊಬೈಲನ್ನು ಬ್ಯಾಗಿಗೆ ಹಾಕಿ ಟಿಕೆಟ್ಟಿಗೆ ಚಿಲ್ಲರೆ ಹುಡುಕಿದೆ.

ನಾನು ಕಚೇರಿ ತಲುಪುವಷ್ಟರಲ್ಲಿ ವರದಿ ಮುದ್ರಣವಾಗಿ ಕಾರ್ಯದರ್ಶಿಗಳ ಫೈಲಿನಲ್ಲಿ ಕೂತಿತ್ತು. ಅವರು ಅದನ್ನು ಎಲ್ಲ ಪ್ರಾಂಶುಪಾಲರಿಗೂ ಮುಖ್ಯೋಪಾಧ್ಯಾಯರಿಗೂ ಎಚ್ಚರಿಕೆ ಎಂದು ಕಳಿಸಿಯೂ ಆಗಿತ್ತು, ಖಾತೆಯ ಹೆಸರಿನ ಸಮೇತ. ಅಕ್ಕನಿಗೆ ಫೋನ್ ಮಾಡಿ ತಕ್ಷಣ ಬರಲು ಹೇಳಿದ್ದರು. ಆ ಹೆಸರನ್ನು ನಾನು ಮೊದಲ ಸಲ ಓದಿದ್ದು ಆಗಲೇ.

ಆಕೆ ಹನ್ನೊಂದು ಗಂಟೆಗೆ ಬಂದರು. ವರಾಂಡದ ಬೆಂಚಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಮ್ಮ ಲೆಕ್ಕಪತ್ರ ವಿಭಾಗದವನೊಬ್ಬ ಆ ದಾರಿಯಲ್ಲಿ ಹೋಗುತ್ತಾ ತನ್ನ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಹೋದ, ಆಕೆ ಕೂತಲ್ಲಿಂದಲೇ ಅದರೊಳಗೆ ಕೈ ಹಾಕುತ್ತಾರೆ ಎನ್ನುವ ಹಾಗೆ. ನನ್ನ ಕೋಣೆಗೆ ಬಂದು ಪಿಸುಗುಟ್ಟಿದ. “ಆ ಕ್ವಾರ್ಟರ್ಸ್ ಕಡೆ ಜನ ಮಾರಾಯ್ತಿ, ಯಾರ್ ಹತ್ರ ಏನಿದೆ ಅಂತ ಹೇಳಕ್ಕಾಗುತ್ತಾ?” ಇವನ ಮಗಳ ಲಗ್ನಪತ್ರಿಕೆಯನ್ನು ಮೂರು ಸಲ ತಿದ್ದಿ ಟೈಪ್ ಮಾಡಿಕೊಟ್ಟವರು ಆಕೆಯೇ. ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಆದರೆ ಆ ಹೊತ್ತಿನಲ್ಲಿ ಅವನಿಗಿಂತ ನಾನೇನೂ ಮೇಲಿರಲಿಲ್ಲ.

ಒಳಗೆ ಕರೆದರು. ನನ್ನನ್ನೂ ಕರೆದರು. ಕಾರ್ಯದರ್ಶಿಗಳು ವರದಿಯ ಹಾಳೆಯನ್ನು ಮೇಜಿನ ಮೇಲೆ ಆಕೆಯ ಕಡೆಗೆ ತಿರುಗಿಸಿದರು. “ಏನಮ್ಮ ಇದು, ಸಂಕೇತದಲ್ಲಿ ಯಾರಿಗೆ ಏನು ಬರೀತಿದೀಯ?”

“ಸಂಕೇತ ಏನಿಲ್ಲ ಸಾರ್. ನಾನು ಕನ್ನಡದಲ್ಲಿ ಬರ್ದಿದೀನಿ.”

“ಇದು ಕನ್ನಡನಾ? ನಂಗೆ ಓದಕ್ಕೆ ಬರಲ್ವಾ ಹಾಗಾದ್ರೆ?”

ಹಾಳೆಯ ಮೇಲೆ ಮಾದರಿಗಾಗಿ ಮೂರು ಸಾಲು ಮುದ್ರಿಸಿದ್ದರು. ಟೋಪಿ ಹಾಕಿದ ಎ, ಪೌಂಡಿನ ಚಿಹ್ನೆ, ಕಾಲು, ಅರ್ಧ. ಒಂದೇ ನೋಟಕ್ಕೆ ನನಗೆ ಗೊತ್ತಾಯಿತು. ಆ ಕೋಣೆಯಲ್ಲಿ ನಿಂತ ಜಾಗದಲ್ಲೇ, ಸಾರ್ ಇದು ಹಳೇ ಫಾಂಟು, ನೋಡದೆ ಒತ್ತಿದ್ದು ನಾನು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಕಾರ್ಯದರ್ಶಿಗಳಿಗೆ ಇದು ತಿಳಿಯದಿದ್ದದ್ದು ಸಹಜ. ಅವರ ಕೈಗೆ ಬರುವ ಮೊದಲೇ ಯಾರಾದರೂ ಫಾಂಟು ಬದಲಾಯಿಸಿ ಮುದ್ರಿಸಿಕೊಡುತ್ತಿದ್ದರು. ನನಗೆ ಆ ನೆಪವೂ ಇರಲಿಲ್ಲ. ಆಕೆ ನನ್ನ ಕಡೆಗೇ ನೋಡುತ್ತಿದ್ದರು.

“ಪರಿಶೀಲಿಸಿ ಹೇಳ್ತೀನಿ ಸಾರ್,” ಎಂದೆ.

ಈ ಮಾತು ನನ್ನ ಬಾಯಿಂದಲೇ ಬಂತು. ಅದನ್ನು ಈಗ ಬರೆಯುವಾಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಪರಿಶೀಲನೆ ಮುಗಿಯುವವರೆಗೆ ಮನೆಯಲ್ಲಿರು ಎಂದು ಕಾರ್ಯದರ್ಶಿಗಳು ಆಕೆಗೆ ಹೇಳಿ, ಗುತ್ತಿಗೆಯ ಕಡತವನ್ನು ಎತ್ತಿ ಬೇರೆ ಕಟ್ಟಿನೊಳಗೆ ಇಟ್ಟರು. ಆಕೆ ಮತ್ತೆ ವರಾಂಡದ ಬೆಂಚಿಗೆ ಹೋಗಿ ಕೂತರು. ಊಟದ ಹೊತ್ತಿನವರೆಗೂ ಕೂತೇ ಇದ್ದರು. ನಾನು ಆ ಕಡೆಯ ಬಾಗಿಲು ಬಿಟ್ಟು ಹಿಂದಿನ ಬಾಗಿಲಿನಿಂದ ಓಡಾಡಿದೆ.

ಮಧ್ಯಾಹ್ನ ಸಹಾಯಕದ ಮುಂದೆ ಕೂತು ಕೇಳಿದೆ, ಈ ಖಾತೆಯ ಮೇಲೆ ನಿನಗೆ ಅನುಮಾನ ಯಾಕೆ ಎಂದು. ಅದು ಖುಷಿಯಾಗಿ ವಿವರಿಸಿತು. ಬರಹ ಯಾವ ಭಾಷೆಗೂ ಸೇರುವುದಿಲ್ಲ. ಅಕ್ಷರಗಳ ಹಂಚಿಕೆ ಸಂಕೇತ ಬರಹಗಳ ಹಾಗಿದೆ. ಎಲ್ಲಕ್ಕಿಂತ ಬಲವಾದ ಸಾಕ್ಷಿ ಎಂದರೆ, ಪ್ರತಿ ಮೇಲಿನ ಕೊನೆಗೂ ಒಂದೇ ಸಾಲು, ಒಂದಕ್ಷರವೂ ಬದಲಾಗದೆ ಬರುತ್ತದೆ. ಇದು ಯಂತ್ರ ಬರೆದದ್ದರ ಲಕ್ಷಣ. ಫಾಂಟು ಬದಲಾಯಿಸಿ ಓದುವುದು ಎಂದು ಹದಿನೇಳು ವರ್ಷ ಒಬ್ಬ ಹೆಂಗಸು ಮರ್ಯಾದೆಯಿಂದ ಬೇಡಿಕೊಂಡದ್ದೇ ಆಕೆಯ ಮೇಲಿನ ಸಾಕ್ಷಿಯಾಗಿತ್ತು. ಈ ಖಾತೆಯನ್ನು ಶಾಶ್ವತವಾಗಿ ತೆಗೆದುಹಾಕಲೇ ಎಂದು ಕೇಳಿತು. ಬೇಡ ಎಂದೆ. ಇನ್ನೇನಾದರೂ ಸಹಾಯ ಬೇಕೇ ಎಂದಿತು.

ತೆಗೆದುಹಾಕಿದ ಮೇಲ್‌ಗಳನ್ನೆಲ್ಲ ಕಾವಲು ತಂತ್ರಾಂಶ ಒಂದು ಕಡೆ ಕಟ್ಟಿಡುತ್ತದೆ. ಅಲ್ಲಿಂದ ಒಂದೊಂದಾಗಿ ಎತ್ತಿ ಫಾಂಟು ಬದಲಾಯಿಸುತ್ತಾ ಹೋದೆ. ಹಾಜರಾತಿ. ನೀರಿನ ಟ್ಯಾಂಕ್ ತೊಳೆಸಿದ ವಿಷಯ. ಒಬ್ಬ ಹುಡುಗಿಯ ವರ್ಗಾವಣೆ ಪತ್ರಕ್ಕೆ ಬೇಡಿಕೆ. ಬಿಸಿಯೂಟದ ಅಕ್ಕಿ ಬಂದಿಲ್ಲ. ಮತ್ತೆ ಹಾಜರಾತಿ. ಇವೇ ಸಂಸ್ಥೆಯ ಗುಟ್ಟುಗಳು. ಹನ್ನೊಂದನೆಯದೋ ಹನ್ನೆರಡನೆಯದೋ ನನ್ನ ಹೆಸರಿಗಿತ್ತು. ಸೋಮವಾರ ಬೆಳಿಗ್ಗೆ ಕಳಿಸಿದ್ದು.

‘ಮಾನ್ಯ ಮೇಡಂರವರಿಗೆ. ಈ ದಿನ ಕಾರ್ಯದರ್ಶಿಗಳ ವಿಳಾಸದಿಂದ ಇಂಗ್ಲಿಷಿನಲ್ಲಿ ಒಂದು ಮೇಲ್ ಬಂದಿರುತ್ತದೆ. ಗುತ್ತಿಗೆ ನೌಕರರ ಮುಂದುವರಿಕೆ ಆದೇಶ ಲಗತ್ತಿಸಿದೆ, ನೋಡಲು ಪಾಸ್‌ವರ್ಡ್ ಬರೆಯಿರಿ ಎಂದು ಇರುತ್ತದೆ. ಸಾಹೇಬರು ಯಾವತ್ತೂ ಆದೇಶವನ್ನು ಕಾಗದದಲ್ಲಿ ಸಹಿ ಮಾಡಿ ಕಳಿಸುವವರು, ಮೇಲಿನಲ್ಲಿ ಕಳಿಸುವವರಲ್ಲ. ಇದು ನನ್ನ ಆದೇಶದ ವಿಷಯವೇ ಆದರೂ, ತಾವು ಹೇಳಿಕೊಟ್ಟ ಪ್ರಕಾರ ನಾನು ತೆರೆದಿರುವುದಿಲ್ಲ. ಸಾಹೇಬರ ಖಾತೆಯಲ್ಲಿ ಯಾರೋ ಹೊಕ್ಕಿರಬಹುದು ಎಂದು ಅನುಮಾನ. ದಯವಿಟ್ಟು ಬೇಗ ನೋಡುವುದು.’ ಅದರ ಕೆಳಗೆ ಎಂದಿನ ಕೊನೆಯ ಸಾಲು.

ಆ ಮೇಲು ಸೋಮವಾರವೇ ನನ್ನ ಪೆಟ್ಟಿಗೆಗೆ ಬಂದಿತ್ತು. ನಾನು ನೋಡಿದ್ದೆ. ಕಸದ ಅಕ್ಷರ ನೋಡಿ, ಮತ್ತೆ ಟ್ಯಾಂಕಿನ ವಿಷಯ ಇರಬೇಕು, ಆಮೇಲೆ ಫಾಂಟು ಬದಲಾಯಿಸಿದರಾಯಿತು ಎಂದು ಬಿಟ್ಟಿದ್ದೆ. ಮಂಗಳವಾರ ಬಿಟ್ಟೆ, ಬುಧವಾರ ಬಿಟ್ಟೆ, ಗುರುವಾರ ಮರೆತೆ. ಶುಕ್ರವಾರ ನಾನೇ ಒಪ್ಪಿಗೆ ಕೊಟ್ಟು ಅದನ್ನು ಅಳಿಸಿದೆ.

ಕಾರ್ಯದರ್ಶಿಗಳ ಖಾತೆಯನ್ನು ತೆರೆದು ನೋಡಿದರೆ ಆಕೆ ಬರೆದದ್ದು ಅಕ್ಷರಶಃ ನಿಜ. ಹತ್ತು ದಿನದ ಹಿಂದೆ ಅವರೇ ತಮ್ಮ ಮೊಬೈಲಿನಲ್ಲಿ ಯಾವುದೋ ಕೊಂಡಿ ಒತ್ತಿ ಪಾಸ್‌ವರ್ಡ್ ಬರೆದುಕೊಟ್ಟಿದ್ದರು. ಒಳಹೊಕ್ಕ ಕಳ್ಳ ಅಲ್ಲಿ ಕೂತು ನಮ್ಮ ನಾಲ್ಕು ಶಾಲೆಗಳ ಗುತ್ತಿಗೆ ನೌಕರರಿಗೆ ಆದೇಶದ ಆಸೆ ತೋರಿಸಿ ಬರೆದಿದ್ದ. ಉಳಿದ ಮೂರು ಶಾಲೆಯವರು ಪಾಸ್‌ವರ್ಡ್ ಕೊಟ್ಟಿದ್ದರು. ಕಳ್ಳನ ಆ ಮೇಲಿಗೆ ನಮ್ಮ ಸಹಾಯಕ ಹಸಿರು ಗುರುತು ಹಾಕಿತ್ತು. ವಿಳಾಸ ಸಂಸ್ಥೆಯೊಳಗಿನದು, ಭಾಷೆ ಸ್ವಚ್ಛವಾಗಿದೆ, ಸುರಕ್ಷಿತ. ಕಳ್ಳನ ಇಂಗ್ಲಿಷಿಗೆ ಹಸಿರು, ಆಕೆಯ ಕನ್ನಡಕ್ಕೆ ಕೆಂಪು. ನಾನು ಕಾರ್ಯದರ್ಶಿಗಳ ಖಾತೆಯನ್ನೂ ಆ ಮೂವರ ಖಾತೆಗಳನ್ನೂ ಮುಚ್ಚಿ, ಸಂಜೆಯ ಬಸ್ಸು ಹಿಡಿದೆ.

ಶನಿವಾರ ಬೆಳಿಗ್ಗೆ ಕಾರ್ಯದರ್ಶಿಗಳ ಎದುರು ಎಲ್ಲ ಕಾಗದಗಳನ್ನು ಹರಡಿದೆ. ಫಾಂಟು ಬದಲಾಯಿಸಿದ ಹಾಳೆ, ಅವರ ಖಾತೆಯಿಂದ ಹೋದ ಮೇಲು, ನನ್ನ ಒಪ್ಪಿಗೆಯ ದಾಖಲೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದರು. ಆಮೇಲೆ ಮೊದಲು ಕೇಳಿದ್ದು, “ಕಳ್ಳ ಹೊಕ್ಕಿದ್ದು ನನ್ ಖಾತೆಗೆ ಅಂತ ಯಾರ್ಯಾರಿಗೆ ಗೊತ್ತು?”

“ನನಗೆ ಗೊತ್ತು ಸಾರ್. ಅಕ್ಕನಿಗೆ ಸೋಮವಾರದಿಂದ ಗೊತ್ತು.”

“ಹಂಗಿದ್ರೆ ಇಲ್ಲಿಗೇ ನಿಲ್ಲಿಸೋಣ. ಮೆಷಿನ್ ತಪ್ಪಾಯ್ತು ಅಂತ ಒಂದು ಸಾಲು ಬರಿ, ಫೈಲಿಗೆ ಹಾಕು. ನನ್ ಹೆಸ್ರು ಬೇಡ. ನಿಂದೂ ಬೇಡ. ಅವಳ ಆದೇಶ ಮಾಡ್ಕೊಡ್ತೀನಿ, ಬರಕ್ಕೆ ಹೇಳು.” ದನಿ ಬಹಳ ಮೃದುವಾಗಿತ್ತು. ಹೊರಗೆ ಕಳಿಸಿದ ಎಚ್ಚರಿಕೆಯ ಮಾತೇ ಎತ್ತಲಿಲ್ಲ. ಹಾಗೆಂದರೆ ಎಲ್ಲ ಶಾಲೆಗಳ ನೋಟಿಸಿನ ಕಡತಗಳಲ್ಲೂ ಆಕೆಯ ಹೆಸರು ಕಳ್ಳಿ ಎಂದೇ ಉಳಿಯುತ್ತದೆ.

ನಿಜ ಹೇಳಬೇಕೆಂದರೆ ನನಗೆ ಸಮಾಧಾನವಾಯಿತು. ಆಕೆಗೆ ಕೆಲಸ ಉಳಿಯಿತು, ನನ್ನ ತಲೆಯೂ ಉಳಿಯಿತು. ಕೋಣೆಗೆ ಬಂದು ಆ ಒಂದು ಸಾಲನ್ನು ಬರೆಯಲು ಕೂತೆ. ಇಂಥದ್ದನ್ನು ನಯವಾಗಿ ಬರೆಯಲು ಸಹಾಯಕವನ್ನೇ ಕೇಳಿದೆ, ಅದೂ ಹೇಳಬೇಕು. ತನ್ನದೇ ತಪ್ಪಿನ ಬಗ್ಗೆ ಅದು ಕ್ಷಣದಲ್ಲಿ ಒಂದು ಸೊಗಸಾದ ವಾಕ್ಯ ಕೊಟ್ಟಿತು. ಅದರಲ್ಲಿ ಯಾರೂ ಏನೂ ಮಾಡಿರಲಿಲ್ಲ. ತಾಂತ್ರಿಕ ಕಾರಣದಿಂದ ಅಚಾತುರ್ಯ ಸಂಭವಿಸಿತ್ತು. ಅದನ್ನು ಓದಿದಾಗ ನನಗೆ ಆ ಸಾಲು, ಕಾರ್ಯದರ್ಶಿಗಳ ಮೃದು ದನಿ, ಲ್ಯಾಪ್‌ಟಾಪ್ ಅವಚಿಕೊಂಡು ಹೋದವನ ನಡಿಗೆ, ನನ್ನ ಪರಿಶೀಲಿಸಿ ಹೇಳ್ತೀನಿ, ಎಲ್ಲ ಒಂದೇ ನಾತ ಹೊಡೆದವು.

ಅಳಿಸಿ ನಾನೇ ಬರೆದೆ. ಭದ್ರಾವತಿ ಶಾಲೆಯ ಕಚೇರಿಯವರು ಯಾವ ತಪ್ಪನ್ನೂ ಮಾಡಿಲ್ಲ. ಸಂಕೇತ ಎಂದು ಹೇಳಿದ್ದು ಹಳೆಯ ಫಾಂಟಿನ ಕನ್ನಡ. ಒಪ್ಪಿಗೆ ಕೊಡಬೇಕಾದ ನಾನು ಓದದೆ ಒಪ್ಪಿಗೆ ಕೊಟ್ಟೆ. ನಿಜವಾದ ಅಪಾಯವನ್ನು ಸಂಸ್ಥೆಯಲ್ಲಿ ಮೊದಲು ಗುರುತಿಸಿ ತಿಳಿಸಿದವರು ಅವರೇ, ಅದನ್ನೂ ನಾಲ್ಕು ದಿನ ಓದದೆ ಇಟ್ಟವಳು ನಾನು. ಎಚ್ಚರಿಕೆ ಹೋದ ಎಲ್ಲರಿಗೂ ಇದನ್ನು ನನ್ನ ಹೆಸರು ಹಾಕಿ ಕಳಿಸಿದೆ. ಯಾರ ಖಾತೆಗೆ ಕಳ್ಳ ಹೊಕ್ಕಿದ್ದ ಎಂಬುದನ್ನು ಮಾತ್ರ ‘ಒಂದು ಖಾತೆ’ ಎಂದು ಬರೆದೆ. ಅಷ್ಟು ಧೈರ್ಯ ನನಗೆ ಬರಲಿಲ್ಲ.

ಭಾನುವಾರ ಕಾಗದನಗರಕ್ಕೆ ಹೋದೆ. ಜನ್ನಾಪುರದಿಂದ ಎಷ್ಟು ದೂರ ಮಹಾ, ಆದರೂ ಹದಿನೇಳು ವರ್ಷದಲ್ಲಿ ಆ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಆಕೆ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಒಳಗಿನಿಂದ ಗಂಡ ಕೆಮ್ಮುವುದು ಕೇಳುತ್ತಿತ್ತು. ಕೈ ತೊಳೆದು ಬಂದು ಕುರ್ಚಿ ಹಾಕಿದರು, ಕಾಫಿ ಕೊಟ್ಟರು. ನಾನು ಪತ್ರದ ಪ್ರತಿಯನ್ನು ಕೊಟ್ಟೆ, ಆದೇಶ ಬರುತ್ತದೆ ಎಂದೂ ಹೇಳಿದೆ. ನಿಧಾನವಾಗಿ ಓದಿ ಮಡಿಸಿ ಪಕ್ಕದಲ್ಲಿಟ್ಟುಕೊಂಡರು.

“ಸೋಮವಾರದ್ದನ್ನ ನೀವು ಓದೇ ಇರ್ಲಿಲ್ವಾ ಮೇಡಂ?”

“ಇಲ್ಲ ಅಕ್ಕ.”

“ಓದಿರ್ತೀರ ಅಂತ್ಲೇ ತಿಳ್ಕೊಂಡಿದ್ದೆ. ಅದಕ್ಕೇ ಅಲ್ಲಿ ಬೆಂಚ್ ಮೇಲೆ ಕೂತಿದ್ದೆ. ಸಾರ್ ಎದುರಿಗೆ ಅವರದೇ ಖಾತೆ ವಿಷ್ಯ ನಾನ್ ಹೇಳಿದ್ರೆ ಚೆನ್ನಾಗಿರಲ್ಲ, ಮೇಡಂಗೆ ಎಲ್ಲಾ ಗೊತ್ತಿದೆ, ಈಗ ಬಂದು ಹೇಳ್ತಾರೆ, ಈಗ ಬಂದು ಹೇಳ್ತಾರೆ ಅಂತ.” ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಹಿಂದಿನ ಬಾಗ್ಲಲ್ಲಿ ಹೋಗಿದ್ದು ಕಾಣಿಸ್ತು.”

ಕ್ಷಮಿಸಿ ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ಅದು ಆಕೆಗೆ ಬೇಕಿರಲಿಲ್ಲ. ಹೊರಡುವಾಗ ಒಂದು ಪೊಟ್ಟಣ ಹುಣಸೆಹಣ್ಣು ಕಟ್ಟಿಕೊಟ್ಟರು.

ನನ್ನ ಪತ್ರಕ್ಕೆ ಕಾರ್ಯದರ್ಶಿಗಳು ಸಿಟ್ಟಾದರು, ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಆದರೆ ಮುಂದಿನ ವಾರವೇ ಅಕ್ಕನ ಆದೇಶಕ್ಕೆ ಸಹಿ ಹಾಕಿದರು. ಆ ‘ಒಂದು ಖಾತೆ’ ಯಾರದೆಂದು ನಾನು ಎಲ್ಲಿ ಬಾಯಿಬಿಡುತ್ತೇನೋ ಎಂಬ ಹೆದರಿಕೆ ಅವರಿಗಿತ್ತು. ಹದಿನೇಳು ವರ್ಷದ ದುಡಿಮೆಗೆ ಇಷ್ಟು ಬೇಗ ಸಿಗದ ಸಹಿ ಹೆದರಿಕೆಗೆ ಸಿಕ್ಕಿತು. ಲೆಕ್ಕಪತ್ರದವನು ಫೋನು ಮಾಡಿ ಆಕೆಗೆ ಅಭಿನಂದನೆ ಹೇಳಿದನಂತೆ. ಸಹಾಯಕಕ್ಕೆ ಹಳೆ ಫಾಂಟಿನ ಹತ್ತು ಮಾದರಿ ಕೊಟ್ಟು, ಇದು ಕನ್ನಡ, ಕೆಂಪು ಹಾಕಬೇಡ ಎಂದು ಕಲಿಸಿದೆ. ಧನ್ಯವಾದ ಹೇಳಿತು. ಈಗ ನಾನು ಬಸ್ಸಿನಲ್ಲಿ ಏನನ್ನೂ ಒತ್ತುವುದಿಲ್ಲ, ಕಚೇರಿಗೆ ಹೋಗಿ ಕೂತು ಮೂಲ ಮೇಲನ್ನು ತೆರೆದು ಓದುತ್ತೇನೆ.

ಆಕೆ ಕೆಲಸಕ್ಕೆ ಮರಳಿದ ಸೋಮವಾರ ಭದ್ರಾವತಿಯಿಂದ ಮೇಲು ಬಂತು. ಫಾಂಟು ಬದಲಾಯಿಸಲು ತಯಾರಾಗಿಯೇ ತೆರೆದೆ. ಬೇಕಾಗಲಿಲ್ಲ. ಇಂಗ್ಲಿಷಿನಲ್ಲಿ ಎರಡು ಸಾಲು: ಡಿಯರ್ ಮೇಡಂ, ಪ್ಲೀಸ್ ಫೈಂಡ್ ಅಟ್ಯಾಚ್ಡ್ ಅಟೆಂಡೆನ್ಸ್. ಆಮೇಲೆ ಬಂದವೆಲ್ಲವೂ ಹಾಗೆಯೇ. ಟ್ಯಾಂಕು ತೊಳೆಸಿದ್ದೂ ಇಂಗ್ಲಿಷಿನಲ್ಲಿ, ಅಕ್ಕಿ ಬಾರದಿದ್ದದ್ದೂ ಇಂಗ್ಲಿಷಿನಲ್ಲಿ, ಯಾವುದೋ ಹಳೆಯ ಪತ್ರ ನೋಡಿ ಇಳಿಸಿದ ಗಟ್ಟಿ ಗಟ್ಟಿ ಮಾತು. ಸಹಾಯಕ ಪ್ರತಿಯೊಂದಕ್ಕೂ ಹಸಿರು ಗುರುತು ಹಾಕುತ್ತದೆ. ಕೆಳಗೆ ಆ ಕೊನೆಯ ಸಾಲು ಇರುವುದಿಲ್ಲ.